ಅಂಗಳದ ನಲ್ಲಿ, ಹಳೇ ಪೈಪು

ಕೇಳುಗರಿಗೆ ನಮಸ್ಕಾರ.

ಮೈಸೂರಿನ ಸರಸ್ವತಿಪುರ, ಕುವೆಂಪುನಗರದ ಹಳೇ ಮನೆಗಳಲ್ಲಿ ಕಾಂಪೌಂಡಿನ ಪಕ್ಕ ಒಂದು ನಲ್ಲಿ ಇದ್ದೇ ಇರುತ್ತದೆ. ಬಾಗಿಲಿಗೆ ನೀರು ಹಾಕೋದಕ್ಕೆ, ಗಿಡಕ್ಕೆ, ಸ್ಕೂಟರ್ ತೊಳೆಯೋದಕ್ಕೆ ಎಲ್ಲಕ್ಕೂ ಅದೇ. ಅದು ಸೋರತೊಡಗಿದರೆ ನಾವು ಮೊದಲು ಮಾಡೋದು ಏನು? ಇನ್ನಷ್ಟು ಬಿಗಿಯೋದು. ಅದೊಂದನ್ನು ಮಾಡಬೇಡಿ.

ಒಣಬಟ್ಟೆಯಲ್ಲಿ ಒರೆಸಿ, ನೀರು ಎಲ್ಲಿಂದ ಜಿನುಗುತ್ತಿದೆ ನೋಡಿ. ಮೂತಿಯಿಂದ ತೊಟ್ಟಿಕ್ಕುತ್ತಿದ್ದರೆ ಸಾಮಾನ್ಯವಾಗಿ ವಾಷರ್ ಸವೆದಿರುತ್ತದೆ, ಅದು ಚಿಲ್ಲರೆ ಕಾಸಿನ ಕೆಲಸ. ನಲ್ಲಿ ಪೈಪಿಗೆ ಸೇರುವ ತಿರುಪಿನಲ್ಲಿ ಒಸರುತ್ತಿದ್ದರೆ ಮಾತ್ರ ಹುಷಾರಾಗಿರಿ. ವರ್ಷಾನುಗಟ್ಟಲೆ ಬಿಸಿಲಿಗೆ ಬಿದ್ದ ಪಿವಿಸಿ ಬಣ್ಣಗೆಟ್ಟು ಪೆಡಸಾಗಿರುತ್ತದೆ. ರೆಂಚ್ ಹಾಕಿ ತಿರುಗಿಸಿದಿರೋ, ನಲ್ಲಿ ಅಲುಗದೆ ಪೈಪೇ ಸೀಳಬಹುದು.

ಟ್ಯಾಂಕಿನ ವಾಲ್ವ್ ಮುಚ್ಚಿ, ಪೈಪಿನ ನೀರು ಖಾಲಿ ಮಾಡಿ. ನಲ್ಲಿ ಕೂರುವ ಬಾಗಿದ ತುಂಡು, ಅಂದರೆ ಎಲ್ಬೋ, ಅಲುಗದಂತೆ ಒಂದು ರೆಂಚಿನಿಂದ ಹಿಡಿದು, ಇನ್ನೊಂದರಿಂದ ನಲ್ಲಿ ಬಿಚ್ಚಿ. ತಿರುಪಿನ ತುದಿ ನಿಮ್ಮ ಮುಖದ ಕಡೆಗಿರಲಿ, ಟೆಫ್ಲಾನ್ ಟೇಪನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಎಳೆದು ಸುತ್ತಿ. ಉಲ್ಟಾ ಸುತ್ತಿದರೆ ಕೂರಿಸುವಾಗಲೇ ಬಿಚ್ಚಿಕೊಳ್ಳುತ್ತದೆ. ನಾರು ಸುತ್ತಿ ಪೇಂಟ್ ಬಳಿಯುವ ಹಳೇ ಕೈಗಳು ಇನ್ನೂ ಇವೆ. ಕಬ್ಬಿಣದ ಪೈಪಿಗೆ ಅದು ಸರಿ, ಪ್ಲಾಸ್ಟಿಕ್ ತಿರುಪಿಗೆ ಬೇಡ.

ಎಲ್ಬೋ ಬಿರುಕು ಬಿಟ್ಟಿದ್ದರೆ ಎಂ-ಸೀಲ್ ಮೆತ್ತಿ ಕೂರಬೇಡಿ, ನಾಲ್ಕು ದಿನ ತಡೆದೀತು ಅಷ್ಟೇ. ಪೈಪ್ ಗಟ್ಟಿಯಿರುವ ಕಡೆ ನೇರವಾಗಿ ಕತ್ತರಿಸಿ, ಆ ತುಂಡನ್ನೇ ಅಂಗಡಿಗೆ ಒಯ್ಯಿರಿ. "ಅರ್ಧ ಇಂಚು ಕೊಡಿ" ಅಂದರೆ ಸಾಲದು. ಹಳೇ ಬೂದು ಪೈಪಿನ ಹೊರ ಅಳತೆ 20 ಮಿಲಿಮೀಟರ್, ಈಗಿನ ಬಿಳೀ ಯುಪಿವಿಸಿಯದು 21.3. ಕಣ್ಣಿಗೆ ಎರಡೂ ಒಂದೇ, ಆದರೆ ಒಂದರ ಎಲ್ಬೋಗೆ ಇನ್ನೊಂದರ ಪೈಪು ಸರಿಯಾಗಿ ಕೂರೋದಿಲ್ಲ. ಒಳಗೆ ಹಿತ್ತಾಳೆ ತಿರುಪು ಇರುವ ಎಲ್ಬೋನೇ ಕೇಳಿ. ಬರೀ ಪ್ಲಾಸ್ಟಿಕ್ ತಿರುಪಿಗೆ ಲೋಹದ ನಲ್ಲಿ ಬಿಗಿದರೆ ಬಾಯಿ ಸೀಳುವುದು ಸಾಮಾನ್ಯ.

ಅಂಟಿಸುವ ಜಾಗ ಪೂರ್ತಿ ಒಣಗಿರಬೇಕು. ಉಪ್ಪುಕಾಗದದಲ್ಲಿ ಉಜ್ಜಿ, ಪೈಪಿಗೂ ಎಲ್ಬೋ ಒಳಗೂ ಪಿವಿಸಿ ಅಂಟು, ಅಂದರೆ ಸಲ್ಯೂಷನ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಒತ್ತಿ, ಅರ್ಧ ನಿಮಿಷ ಹಿಡಿದುಕೊಳ್ಳಿ. ಸಂಜೆ ಅಂಟಿಸಿದರೆ ಬೆಳಿಗ್ಗೆಯೇ ನೀರು ಬಿಡಿ.

ಪೈಪನ್ನು ಗೋಡೆಗೆ ಕ್ಲಾಂಪ್ ಹೊಡೆದು ಬಿಗಿಸಿ, ಬಿಸಿಲು ಬೀಳುವ ಭಾಗಕ್ಕೆ ಬಿಳೀ ಎಮಲ್ಷನ್ ಬಳಿಯಿರಿ. ನಲ್ಲಿಗೆ ತುಂಬಿದ ಬಕೆಟ್ ನೇತುಹಾಕುವ ಅಭ್ಯಾಸವಿದ್ದರೆ, ದಯವಿಟ್ಟು ಇವತ್ತೇ ಬಿಡಿ.