ಕೂಸಿನ ಫಿಟ್ಸ್‌ಗೆ ಮೆಲಟೋನಿನ್ ಕೊಡಬಹುದಾ?

[ದೃಶ್ಯ: ತೊಟ್ಟಿಲು, ಬೆಳಗಿನ ಹೊತ್ತು]

ಆರು ತಿಂಗಳ ಪಾಪು ಆಗಷ್ಟೇ ನಿದ್ದೆಯಿಂದ ಎದ್ದಿದೆ. ಗಕ್ಕನೆ ತಲೆ ಮುಂದಕ್ಕೆ ಬಾಗುತ್ತದೆ, ಎರಡೂ ಕೈ ಮೇಲೇಳುತ್ತವೆ. ಒಂದೆರಡು ಸೆಕೆಂಡು, ಅಷ್ಟೇ. ಸ್ವಲ್ಪ ಹೊತ್ತಿಗೆ ಮತ್ತೆ. ಆಮೇಲೆ ಇನ್ನೊಮ್ಮೆ. ಅಜ್ಜಿ "ಬೆಚ್ಚಿಬಿದ್ದಿದೆ, ದೃಷ್ಟಿ ತೆಗೀರಿ" ಎನ್ನುತ್ತಾರೆ. ಪಕ್ಕದ ಮನೆಯವರು ಹೊಟ್ಟೆನೋವು ಎನ್ನುತ್ತಾರೆ.

ಹೀಗೆ ಸಾಲುಸಾಲಾಗಿ ಬಂದರೆ ಅದು ಇನ್‌ಫಂಟೈಲ್ ಸ್ಪಾಸಮ್ಸ್ ಇರಬಹುದು. ಕೂಸುಗಳಿಗೆ ಬರುವ ಕೆಟ್ಟ ಜಾತಿಯ ಫಿಟ್ಸ್ ಇದು. 1841ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವೆಸ್ಟ್ ಇದನ್ನು ಕಂಡದ್ದು ತಮ್ಮ ಸ್ವಂತ ಮಗನಲ್ಲಿ. ದಿಕ್ಕು ತೋಚದೆ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಗೆ ಬರೆದರು. ತಲೆ ಬಾಗುವ ರೀತಿ ನೋಡಿ ಆಗಿನವರು ಇದಕ್ಕೆ 'ಸಲಾಂ' ಎಂದೇ ಹೆಸರಿಟ್ಟರು.

ಈಗ ಮೆಲಟೋನಿನ್ ವಿಷಯ. ನಿದ್ದೆಯ ಹೊತ್ತಾಯಿತು ಎಂದು ಮೈಗೆ ತಿಳಿಸಲು ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿ ಬಿಡುವ ಹಾರ್ಮೋನ್ ಅದು. ಕೂಸಿನ ಮೈಯಲ್ಲಿ ಈ ರಾತ್ರಿ-ಹಗಲಿನ ಲೆಕ್ಕ ಶುರುವಾಗುವುದೇ ಸುಮಾರು ಮೂರನೇ ತಿಂಗಳಿಗೆ. ಅಲ್ಲಿಯವರೆಗೆ ರಾತ್ರಿಯ ಎದೆಹಾಲಿನಲ್ಲಿ ಒಂಚೂರು ಸಿಗುತ್ತದೆ. ನಿದ್ದೆ ಕೆಟ್ಟರೆ ಫಿಟ್ಸ್ ಜಾಸ್ತಿ, ಫಿಟ್ಸ್ ಬಂದರೆ ನಿದ್ದೆ ಹಾಳು. ಹಾಗಾದರೆ ನಿದ್ದೆ ಸರಿಮಾಡಿದರೆ ಫಿಟ್ಸೂ ನಿಲ್ಲಬಹುದಲ್ವಾ? ಕೇಳೋಕೆ ಚೆನ್ನಾಗಿದೆ.

[ತೆರೆಯ ಮೇಲೆ: 6 ಅಧ್ಯಯನ, 125 ಜನ]

2004ರಲ್ಲಿ ದಿಲ್ಲಿಯ ವೈದ್ಯರು ವಾಲ್ಪ್ರೊಯೇಟ್ ಎಂಬ ಫಿಟ್ಸ್ ಔಷಧಿ ತೆಗೆದುಕೊಳ್ಳುತ್ತಿದ್ದ 31 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೆಲಟೋನಿನ್, ಇನ್ನೊಂದಕ್ಕೆ ಸುಮ್ನೆ ಹುಸಿಮಾತ್ರೆ ಕೊಟ್ಟು ನೋಡಿದರು. ಮೆಲಟೋನಿನ್ ಸಿಕ್ಕ ಮಕ್ಕಳ ದಿನನಿತ್ಯದ ಬದುಕು ಸುಧಾರಿಸಿತು. ಆದರೆ ಅವರು 3ರಿಂದ 12 ವರ್ಷದವರು, ಕೂಸುಗಳಲ್ಲ. 2016ರಲ್ಲಿ ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಸಿಕ್ಕಷ್ಟೂ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿತು. ಆರು ಅಧ್ಯಯನ, ಎಲ್ಲ ಸೇರಿ 125 ಜನ. ಫಿಟ್ಸ್ ಕಡಿಮೆಯಾಗುತ್ತದೆ ಎನ್ನಲು ಇಷ್ಟು ಸಾಲದು ಎಂಬುದೇ ಅವರ ಉತ್ತರ. ನನ್ನದೂ ಅದೇ.

ಇಇಜಿ, ಅಂದರೆ ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ ಮಾಡುವಾಗ ಮಗು ಮಲಗಲಿ ಎಂದು ಮೆಲಟೋನಿನ್ ಕೊಡುವುದುಂಟು. ಅದನ್ನು ಕಂಡು ಇದೇ ಫಿಟ್ಸ್ ಔಷಧಿ ಅಂದುಕೊಳ್ಳಬೇಡಿ. ಸ್ಪಾಸಮ್ಸ್‌ಗೆ ಕೊಡುವ ಮುಖ್ಯ ಔಷಧಿಗಳು ಎಸಿಟಿಎಚ್ ಎಂಬ ಹಾರ್ಮೋನ್ ಇಂಜೆಕ್ಷನ್, ಪ್ರೆಡ್ನಿಸೊಲೋನ್, ವಿಗಾಬಾಟ್ರಿನ್. ಇವು ತಡವಾದಷ್ಟೂ ಮಗುವಿನ ಬೆಳವಣಿಗೆಗೆ ಪೆಟ್ಟು. ಮೆಲಟೋನಿನ್ ಬೇಕೆಂದರೆ ಡಾಕ್ಟರೇ ನಿದ್ದೆಗಾಗಿ ಜೊತೆಗೆ ಸೇರಿಸುತ್ತಾರೆ.

ಆನ್‌ಲೈನ್‌ನಲ್ಲಿ ತರಿಸುವ ಯೋಚನೆ ಇದೆಯಾ? 2023ರಲ್ಲಿ ಅಮೆರಿಕದಲ್ಲಿ 25 ಬಗೆಯ ಮೆಲಟೋನಿನ್ ಗಮ್ಮಿಗಳನ್ನು (ಜಗಿಯುವ ಮಿಠಾಯಿಯಂಥವು) ಪರೀಕ್ಷೆ ಮಾಡಿದರು. 22ರಲ್ಲಿ ಲೇಬಲ್ ಮೇಲಿನ ಪ್ರಮಾಣವೇ ತಪ್ಪು. ಒಂದರಲ್ಲಂತೂ ಮೆಲಟೋನಿನ್ನೇ ಇರಲಿಲ್ಲ!

ಆ ತಲೆ ಬಾಗುವುದು ಮತ್ತೆ ಕಂಡರೆ ಫೋನ್ ತೆಗೆದು ವಿಡಿಯೋ ಮಾಡಿ. ಡಾಕ್ಟರ ಎದುರಿಗೆ ಪಾಪು ಹಾಯಾಗಿ ನಗುತ್ತಾ ಕೂತಿರುತ್ತದೆ, ಆಗ ನಿಮ್ಮ ಬಾಯಿಮಾತಿಗಿಂತ ಆ ಮೂವತ್ತು ಸೆಕೆಂಡಿನ ವಿಡಿಯೋನೇ ಜಾಸ್ತಿ ಹೇಳುತ್ತದೆ. ನಾಳೆ ನೋಡೋಣ ಅನ್ನದೆ ಅವತ್ತೇ ಹೋಗಿ, ಇಇಜಿ ಬೇಕಾ ಎಂದು ನೀವೇ ಬಾಯಿಬಿಟ್ಟು ಕೇಳಿ.