ಮಗು ಮಲಗಿದೆ, ನಿಮಗೆ ಮಾತ್ರ ನಿದ್ದೆ ಇಲ್ಲ

ಎಲ್ಲರಿಗೂ ನಮಸ್ಕಾರ. ಮಕ್ಕಳ ವೈದ್ಯೆಯಾಗಿ ನಾನು, ಮಗುವಿನ ನಿದ್ದೆ ನೋಡಿ ಹೆದರಿ ಬಂದ ಎಷ್ಟೋ ಅಪ್ಪ ಅಮ್ಮಂದಿರಿಗೆ "ಏನೂ ಆಗಲ್ಲ, ಹೋಗಿ ಮಲಗಿ" ಎಂದು ಹೇಳಿ ಕಳಿಸಿದ್ದೇನೆ. ನನಗೇ ಮಗಳು ಹುಟ್ಟಿದ ಐದನೇ ರಾತ್ರಿ ಅವಳ ಮೂಗಿನ ಹತ್ತಿರ ಬೆರಳಿಟ್ಟುಕೊಂಡು ಕೂತಿದ್ದೆ. ಉಸಿರು ಬರುತ್ತಿತ್ತು, ಬರುತ್ತಿತ್ತು, ನಿಂತೇಹೋಯಿತು. ಏಳರವರೆಗೆ ಎಣಿಸಿದೆ. ಆಮೇಲೆ ಒಂದು ದೊಡ್ಡ ಉಸಿರು, ಹಿಂದೆಯೇ ಸರಸರನೆ ಹತ್ತಾರು ಪುಟ್ಟ ಉಸಿರು. ಪುಸ್ತಕದಲ್ಲಿ ಓದಿದ್ದು ನೆನಪಾಯಿತು ನಿಜ, ಆದರೆ ನನ್ನ ಕೈ ನಡುಗುವುದು ನಿಲ್ಲಲಿಲ್ಲ.

ಉಸಿರಾಟವನ್ನು ನಡೆಸುವ ಮಿದುಳಿನ ಭಾಗ ಎಳೆಗೂಸುಗಳಲ್ಲಿ ಇನ್ನೂ ಬಲಿತಿರುವುದಿಲ್ಲ. ಹಾಗಾಗಿ 5ರಿಂದ 10 ಸೆಕೆಂಡ್ ಬಿಡುವು, ಮತ್ತೆ ಓಟ. ತಿಂಗಳುಗಳು ಕಳೆದಂತೆ ಇದು ತಾನಾಗಿಯೇ ಕಡಿಮೆಯಾಗುತ್ತದೆ. ಬಿಡುವು 20 ಸೆಕೆಂಡ್ ಮುಟ್ಟಿದರೆ, ಅಥವಾ ಅಷ್ಟಾಗದಿದ್ದರೂ ತುಟಿ, ನಾಲಿಗೆ ನೀಲಿಯಾದರೆ, ಮೈ ಜೋತುಬಿದ್ದರೆ, ಎಣಿಸುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ. ಅಂಗೈ ಅಂಗಾಲು ಮಾತ್ರ ಸ್ವಲ್ಪ ನೀಲಿಯಾಗಿ ಕಾಣುವುದು ಮೊದಲ ದಿನಗಳಲ್ಲಿ ಸಾಮಾನ್ಯ.

ಇನ್ನು ಮುಲುಕಾಟ. ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ, ಮುಚ್ಚಿದ ರೆಪ್ಪೆಯಡಿ ಕಣ್ಣು ಓಡಾಡುವ ಒಂದು ಬಗೆಯ ನಿದ್ದೆಯ ಬಗ್ಗೆ ಬರೆದರು. ದೊಡ್ಡವರಿಗೆ ಅದು ನಿದ್ದೆಯ ನಾಲ್ಕನೇ ಒಂದು ಪಾಲಾದರೆ, ನವಜಾತ ಶಿಶುವಿಗೆ ಹೆಚ್ಚುಕಡಿಮೆ ಅರ್ಧ. ಆ ಹೊತ್ತಿನಲ್ಲಿ ಮಗು ನರಳುತ್ತದೆ, ಮುಖ ಕಿವುಚುತ್ತದೆ, ನಗುತ್ತದೆ, ಅಳುವಂತೆ ಮಾಡಿ ಸುಮ್ಮನಾಗುತ್ತದೆ. ಪಾಪ, ಎದ್ದುಬಿಟ್ಟಿತೆಂದು ನಾವು ಎತ್ತಿಕೊಳ್ಳುತ್ತೇವೆ. ಅದು ಎದ್ದಿರುವುದೇ ಇಲ್ಲ, ಎಬ್ಬಿಸುವವರು ನಾವು! ಒಂದೆರಡು ನಿಮಿಷ ಕೈಕಟ್ಟಿ ನೋಡಿ.

ಕೈಕಾಲು ಜುಮ್ಮನೆ ಅದುರಿದರೆ ಫಿಟ್ಸ್ ಇರಬಹುದೇ ಎಂಬ ಭಯ ಬರುತ್ತದೆ. ಮೆಲ್ಲಗೆ ಎಬ್ಬಿಸಿ. ಎಚ್ಚರವಾದೊಡನೆ ಅದುರು ನಿಂತು, ಮಗು ಎಂದಿನಂತೆ ಕಣ್ಣುಬಿಟ್ಟು ನೋಡಿದರೆ ಅದು ಬಹುಪಾಲು ನಿದ್ದೆಯದೇ ಅದುರು. ಎದ್ದ ಮೇಲೂ ಮುಂದುವರಿದರೆ, ಕಣ್ಣು ಒಂದೇ ಕಡೆ ನೆಟ್ಟರೆ, ಬಣ್ಣ ಬದಲಾದರೆ ತಡಮಾಡಬೇಡಿ. ಸಾಧ್ಯವಾದರೆ ಒಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. "ಹೀಗೆ ಹೀಗೆ ಮಾಡ್ತು ಡಾಕ್ಟ್ರೇ" ಎಂದು ನೀವು ಅಭಿನಯಿಸಿ ತೋರಿಸುವುದಕ್ಕಿಂತ ಅರ್ಧ ನಿಮಿಷದ ವಿಡಿಯೊ ನಮಗೆ ಹೆಚ್ಚು ಹೇಳುತ್ತದೆ.

ಇಷ್ಟು ಹೊತ್ತು ಹೇಳಿದ್ದು ಗದ್ದಲದ ಮಕ್ಕಳ ವಿಷಯ. ನನಗೆ ಅಷ್ಟಾಗಿ ಅವುಗಳ ಚಿಂತೆಯಿಲ್ಲ. "ನಮ್ಮದು ತುಂಬಾ ಒಳ್ಳೆ ಮಗು, ಅಳೋದೇ ಇಲ್ಲ, ಹಾಲಿಗೂ ಏಳಲ್ಲ" ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ನಾನು ಕುರ್ಚಿಯಿಂದ ಮುಂದೆ ಬಾಗುತ್ತೇನೆ. ದಿನಕ್ಕೆ 14ರಿಂದ 17 ಗಂಟೆ ಮಲಗುವುದು ಸಹಜವೇ. ಆದರೆ ಹಾಲಿಗೆ ಏಳದಿರುವುದು ಬೇರೆ ಮಾತು. ಕಾಮಾಲೆ ಏರಿದ ಮಗು ಮಂಪರಿನಲ್ಲಿರುತ್ತದೆ. ಮಂಪರಿನಿಂದ ಹಾಲು ಕುಡಿಯುವುದಿಲ್ಲ. ಕುಡಿಯದಿದ್ದರೆ ಕಾಮಾಲೆ ಇನ್ನೂ ಏರುತ್ತದೆ. ಸೋಂಕಿದ್ದರೂ ಮಗು ಹೀಗೇ ತೆಪ್ಪಗಾಗುತ್ತದೆ. ಮೊದಲ ದಿನಗಳಲ್ಲಿ ಇಳಿಯುವ ತೂಕ ಹುಟ್ಟಿದಾಗಿನಷ್ಟಕ್ಕೆ ಮರಳುವವರೆಗೆ, ಅಂದರೆ ಸುಮಾರು ಎರಡು ವಾರ, ಮೂರು ನಾಲ್ಕು ಗಂಟೆಗಿಂತ ಹೆಚ್ಚು ಬಿಡದೆ ಎಬ್ಬಿಸಿ ಹಾಲು ಕೊಡಿ. ಹೊದಿಕೆ ತೆಗೆಯಿರಿ, ಅಂಗಾಲು ಉಜ್ಜಿ, ಡಯಾಪರ್ ಬದಲಿಸಿ. ಇಷ್ಟಾದರೂ ಚೀಪದಿದ್ದರೆ ಕರೆತನ್ನಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಮೈ ತಣ್ಣಗಾದರೆ, ಉಸಿರೆಳೆದಾಗ ಪಕ್ಕೆ ಒಳಸರಿದರೆ, ಶಾಂತವಾಗಿರುವಾಗಲೂ ಉಸಿರು ನಿಮಿಷಕ್ಕೆ 60 ದಾಟಿದರೆ ಬೆಳಗಾಗಲೆಂದು ಕಾಯಬೇಡಿ.

ಅದಕ್ಕೇ ನಾನು "ಹೇಗೆ ಮಲಗುತ್ತೆ" ಅನ್ನುವುದಕ್ಕಿಂತ ಮೊದಲು "ಎದ್ದಾಗ ಹೇಗಿರುತ್ತೆ" ಎಂದು ಕೇಳುವುದು.

ಕಕ್ಕಿ ಉಸಿರುಗಟ್ಟೀತೆಂದು ಬೋರಲು ಮಲಗಿಸುವವರು ಈಗಲೂ ಇದ್ದಾರೆ. ಬೇಡ. ಅಂಗಾತ ಮಲಗಿಸಿ; ಹಾಸಿಗೆ ಗಟ್ಟಿಯಾಗಿರಲಿ, ದಿಂಬು ಗೊಂಬೆ ಏನೂ ಬೇಡ. 1990ರ ದಶಕದಲ್ಲಿ ಹಲವು ದೇಶಗಳು ಇದನ್ನು ಸಾರಿ ಹೇಳಿದ ಮೇಲೆ ನಿದ್ದೆಯಲ್ಲಿ ಹಠಾತ್ತನೆ ಸಾಯುವ ಶಿಶುಗಳ ಸಂಖ್ಯೆ ಬಹಳ ಇಳಿಯಿತು. ನಾಡಿ, ಆಮ್ಲಜನಕ ನೋಡಲು ಮಗುವಿನ ಕಾಲಿಗೆ ಕಟ್ಟುವ ಮಾನಿಟರ್ ಈ ಸಾವನ್ನು ತಡೆಯುತ್ತದೆಂದು ಸಾಬೀತಾಗಿಲ್ಲ. ಸುಳ್ಳು ಅಲಾರಂ ಕೊಟ್ಟು ಇರುವ ನಿದ್ದೆಯನ್ನೂ ಕೆಡಿಸುತ್ತದೆ, ಅಷ್ಟೇ.

ಸರಿ, ಈಗ ಮೊಬೈಲ್‌ಗಳನ್ನು ಹೊರಗೆ ತೆಗೆಯಿರಿ. ರಾತ್ರಿ ಮಾಡಿಟ್ಟ ವಿಡಿಯೊಗಳು ಇರುತ್ತವೆ, ನನಗೆ ಗೊತ್ತು. ಮುಂದಿನ ಸಾಲಿನಿಂದಲೇ ಶುರು ಮಾಡೋಣ.