ಮೇನ್ ಕೂನ್: ಸೈಜ್ ಪಕ್ಕಕ್ಕಿಟ್ಟು ಈ ಬೆಕ್ಕನ್ನ ಒಂದ್ಸಲ ಸರಿಯಾಗಿ ನೋಡೋಣ

[ಸ್ಕ್ರೀನ್ ಮೇಲೆ: ಬೆಕ್ಕನ್ನ ಎರಡೂ ಕೈಯಲ್ಲಿ ಎತ್ತಿ ಕ್ಯಾಮೆರಾ ಕಡೆ ಚಾಚಿರೋ ಫೋಟೋ]

ನಮಸ್ಕಾರ ಎಲ್ರಿಗೂ. ಈ ಥರದ ಫೋಟೋ ನಿಮ್ಮ ಫೋನಿಗೂ ಬಂದೇ ಬಂದಿರುತ್ತೆ, ಒಬ್ರು ಬೆಕ್ಕನ್ನ ಎತ್ಕೊಂಡಿರ್ತಾರೆ, ಅದರ ಹಿಂಗಾಲು ಅವರ ಮಂಡಿ ತನಕ ನೇತಾಡ್ತಿರುತ್ತೆ, ಕೆಳಗಡೆ "ಇಪ್ಪತ್ತು ಕೆಜಿ ಬೆಕ್ಕು" ಅಂತ ಬರೆದಿರ್ತಾರೆ. ಬೆಕ್ಕು ಮೇನ್ ಕೂನ್ ಅನ್ನೋ ತಳಿದು ಅನ್ನೋದು ನಿಜ. ಇಪ್ಪತ್ತು ಕೆಜಿ ಅನ್ನೋದನ್ನ ಮಾತ್ರ ನಂಬಬೇಡಿ. ಕೈ ಮುಂದಕ್ಕೆ ಚಾಚಿ ಬೆಕ್ಕನ್ನ ಲೆನ್ಸ್ ಹತ್ರ ತಂದು, ಮನುಷ್ಯ ಒಂದಡಿ ಹಿಂದೆ ನಿಂತ್ರೆ ಯಾವ ಬೆಕ್ಕಾದ್ರೂ ಹುಲಿಮರಿ ಥರ ಕಾಣುತ್ತೆ.

ಹಾಗಾದ್ರೆ ನಿಜವಾದ ತೂಕ ಎಷ್ಟು? ಚೆನ್ನಾಗಿ ಬೆಳೆದ ಗಂಡು ಮೇನ್ ಕೂನ್ ಸಾಮಾನ್ಯವಾಗಿ 6ರಿಂದ 8 ಕೆಜಿ ಇರುತ್ತೆ, ಹೆಣ್ಣು 3.5ರಿಂದ 5.5 ಕೆಜಿ. ಕೆಲವು ಗಂಡುಗಳು 9, 10 ಕೆಜಿ ಮುಟ್ಟೋದುಂಟು, ಆದ್ರೆ ಅದೇ ಮಾಮೂಲಿ ಅಲ್ಲ. ಮಾಮೂಲಿ ಮನೆ ಬೆಕ್ಕು ನಾಲ್ಕೈದು ಕೆಜಿ ಇರುತ್ತೆ ಅಂದ್ಕೊಂಡ್ರೆ ಇದು ದೊಡ್ಡದೇ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಈ ಬೆಕ್ಕಿನ ದೊಡ್ಡತನ ತೂಕಕ್ಕಿಂತ ಹೆಚ್ಚಾಗಿ ಉದ್ದದಲ್ಲಿದೆ. 2010ರಲ್ಲಿ ಅಮೆರಿಕದ ನೆವಾಡಾದಲ್ಲಿದ್ದ ಸ್ಟೂಯಿ ಅನ್ನೋ ಮೇನ್ ಕೂನ್ ಮೂಗಿನ ತುದಿಯಿಂದ ಬಾಲದ ಮೂಳೆ ತುದಿವರೆಗೂ 123 ಸೆಂಟಿಮೀಟರ್ ಬಂದು ಗಿನ್ನೆಸ್ ದಾಖಲೆ ಮಾಡ್ತು, ಅಂದ್ರೆ ನಾಲ್ಕು ಅಡಿಗಿಂತ ಸ್ವಲ್ಪ ಜಾಸ್ತಿ! ಆಮೇಲೆ 2018ರಲ್ಲಿ, ಆಗ ಬದುಕಿದ್ದ ಬೆಕ್ಕುಗಳಲ್ಲಿ ಎಲ್ಲಕ್ಕಿಂತ ಉದ್ದ ಅಂತ ದಾಖಲೆ ಮಾಡಿದ್ದು ಇಟಲಿಯ ಬಾರಿವೆಲ್ ಅನ್ನೋ ಬೆಕ್ಕು, 120 ಸೆಂಟಿಮೀಟರ್. ಅದೂ ಮೇನ್ ಕೂನೇ.

ಸರಿ, ಸೈಜ್ ವಿಷ್ಯ ಇಲ್ಲಿಗೆ ಬಿಡೋಣ. ನನಗೆ ಈ ವಿಡಿಯೋ ಮಾಡ್ಬೇಕು ಅನ್ಸಿದ್ದೇ ಯಾಕಂದ್ರೆ ಎಲ್ರೂ ಸೈಜ್ ನೋಡಿ ಅಲ್ಲೇ ನಿಂತುಬಿಡ್ತಾರೆ, ಈ ಬೆಕ್ಕಿನ ಮೈಮೇಲೆ ಒಂದೊಂದು ಅಂಗಕ್ಕೂ ಒಂದೊಂದು ಕಾರಣ ಇದೆ ಅನ್ನೋದು ಯಾರ ಕಣ್ಣಿಗೂ ಬೀಳಲ್ಲ.

[ಸ್ಕ್ರೀನ್ ಮೇಲೆ: ಹಿಮದ ಮೇಲೆ ನಡೀತಿರೋ ಮೇನ್ ಕೂನ್, ಆಮೇಲೆ ಪಂಜದ ಕ್ಲೋಸಪ್]

ಮೇನ್ ಅನ್ನೋದು ಅಮೆರಿಕದ ಈಶಾನ್ಯ ಮೂಲೇಲಿರೋ ಒಂದು ರಾಜ್ಯ. ಸಮುದ್ರ ತೀರ, ಕಾಡು, ತಿಂಗಳುಗಟ್ಟಲೆ ಹಿಮ. ಅಲ್ಲಿನ ಹೊಲಮನೆಗಳಲ್ಲಿ, ಕೊಟ್ಟಿಗೆಗಳಲ್ಲಿ, ಹಡಗುಕಟ್ಟೆಗಳಲ್ಲಿ ಇಲಿ ಹಿಡಿದು ಬದುಕಿದ ಬೆಕ್ಕುಗಳಿವು, ಯಾರೋ ಕೂತು ಪ್ಲಾನ್ ಮಾಡಿ ಸೃಷ್ಟಿ ಮಾಡಿದ್ದಲ್ಲ. ಹಡಗುಗಳಲ್ಲಿ ಬಂದ ಉದ್ದಕೂದಲಿನ ಬೆಕ್ಕುಗಳು ಅಲ್ಲಿನ ಗಿಡ್ಡಕೂದಲಿನ ಬೆಕ್ಕುಗಳ ಜೊತೆ ಸೇರಿ, ಚಳಿ ತಡ್ಕೊಳ್ಳೋಕೆ ಆಗಿದ್ದು ಉಳ್ಕೊಂಡು, ಆಗದೇ ಇದ್ದದ್ದು ಹೋಗಿ, ಹಾಗೇ ತಲೆಮಾರುಗಟ್ಟಲೆ ನಡೆದು ಈ ರೂಪ ಬಂದಿದೆ ಅನ್ನೋದೇ ಹೆಚ್ಚಿನವರು ಒಪ್ಪೋ ಮಾತು. ರಕೂನ್ ಅನ್ನೋ ಕಾಡುಪ್ರಾಣಿಗೂ ಬೆಕ್ಕಿಗೂ ಹುಟ್ಟಿದ್ದು ಅಂತ ಒಂದು ಕಥೆ ಇದೆಯಲ್ಲ, ಅದು ಸಾಧ್ಯಾನೇ ಇಲ್ಲ, ಎರಡೂ ಬೇರೆ ಬೇರೆ ಕುಟುಂಬದ ಪ್ರಾಣಿಗಳು, ಮರಿ ಆಗಲ್ಲ. ಕಂದು ಬಣ್ಣದ ಮೈ, ಪಟ್ಟೆಪಟ್ಟೆ ದಪ್ಪ ಬಾಲ ನೋಡಿ ಜನ ಕಟ್ಟಿದ ಕಥೆ ಅದು. ಫ್ರಾನ್ಸ್ ರಾಣಿ ಮಾರಿ ಆಂಟೊನೆಟ್ ಸಾಕಿದ್ದ ಬೆಕ್ಕುಗಳಿಂದ ಬಂದಿದ್ದು ಅನ್ನೋದಕ್ಕೂ ಏನೂ ಆಧಾರ ಇಲ್ಲ, ಕೇಳೋಕೆ ಚೆನ್ನಾಗಿದೆ ಅಷ್ಟೇ.

ಈಗ ಪಂಜ ನೋಡಿ. ಅಗಲ, ದುಂಡಗೆ, ಬೆರಳುಗಳ ಸಂದಿಯಿಂದ ಕೂದಲಿನ ಕುಚ್ಚು ಹೊರಗೆ ಬಂದಿದೆ. ಹಿಮದ ಮೇಲೆ ಕಾಲಿಟ್ಟಾಗ ಭಾರ ಹರಡ್ಕೊಂಡು ಕಾಲು ಒಳಗೆ ಹೂತುಹೋಗಲ್ಲ, ಅಡಿಭಾಗ ಬೆಚ್ಚಗೂ ಇರುತ್ತೆ. ಹಳೇ ಕಾಲದ ಮೇನ್ ಬೆಕ್ಕುಗಳಲ್ಲಿ ಆರು, ಏಳು ಬೆರಳಿರೋವು ತುಂಬಾನೇ ಇದ್ವು, ಸುಮಾರು ಕ್ಯಾಟ್ ಶೋಗಳಲ್ಲಿ ಅಂಥವನ್ನ ಒಪ್ಪದೇ ಇದ್ದಿದ್ರಿಂದ ಬ್ರೀಡರ್‌ಗಳು ಬಿಡ್ತಾ ಬಂದ್ರು, ಈಗ ಕಮ್ಮಿ. ಕಿವಿ ದೊಡ್ಡದು, ಬುಡ ಅಗಲ, ತಲೆ ಮೇಲೆ ಎತ್ತರಕ್ಕೆ ನೆಟ್ಟಗೆ ನಿಂತಿರುತ್ತೆ. ಒಳಗಿನಿಂದ ಉದ್ದ ಕೂದಲು ಅಡ್ಡಡ್ಡ ಬೆಳೆದು ಗಾಳಿ ತಡೆಯುತ್ತೆ. ತುದೀಲಿ ಕಾಡುಬೆಕ್ಕಿಗೆ ಇರೋ ಹಾಗೆ ಒಂದು ಸಣ್ಣ ಕುಚ್ಚು, ಎಲ್ಲ ಬೆಕ್ಕಿಗೂ ಇರಲ್ಲ, ಇದ್ರೆ ಮುಖಕ್ಕೆ ಬೇರೆಯದೇ ಗತ್ತು ಬರುತ್ತೆ.

ಕೂದಲು ಇಡೀ ಮೈಮೇಲೆ ಒಂದೇ ಉದ್ದ ಇರಲ್ಲ, ಇದನ್ನ ಗಮನಿಸಿ. ಹೆಗಲ ಮೇಲೆ ಚಿಕ್ಕದು, ಯಾಕಂದ್ರೆ ಪೊದೆ ಒಳಗೆ ನುಗ್ಗೋವಾಗ ಸಿಕ್ಕಾಕ್ಕೋಬಾರ್ದು. ಹೊಟ್ಟೆ ಕೆಳಗೆ ಮತ್ತು ಹಿಂದೊಡೆ ಮೇಲೆ ಉದ್ದ, ಹಿಮದ ಮೇಲೆ ಕೂತ್ರೆ ತಣ್ಣಗಾಗದೇ ಇರೋಕೆ. ಕುತ್ತಿಗೆ ಸುತ್ತ ಜೂಲು. ಮೇಲಿನ ಕೂದಲು ರೇಷ್ಮೆ ಥರ ನುಣುಪು, ನೀರು ಬಿದ್ರೆ ಸುಮಾರಾಗಿ ಜಾರಿ ಹೋಗುತ್ತೆ. ಇನ್ನು ಬಾಲ, ಹೆಚ್ಚುಕಮ್ಮಿ ಮೈಯಷ್ಟೇ ಉದ್ದ! ಮಲಗೋವಾಗ ಅದನ್ನ ಸುತ್ತಿ ತಂದು ಮೂಗು ಮುಚ್ಕೊಂಡು ಮಲಗುತ್ತೆ, ಹೊದಿಕೆಯನ್ನ ಜೊತೇಲೇ ಹೊತ್ಕೊಂಡು ಓಡಾಡೋ ಹಾಗೆ.

ಬಣ್ಣದ ಬಗ್ಗೆ ಜಾಸ್ತಿ ಹೇಳಲ್ಲ. ಕಂದು ಟ್ಯಾಬಿ, ಅಂದ್ರೆ ಕಂದು ಮೈಮೇಲೆ ಪಟ್ಟೆ ಇರೋದು, ಫೇಮಸ್, ಆದ್ರೆ ಕಪ್ಪು, ಬಿಳಿ, ಕೆಂಪು, ಕ್ರೀಮ್, ಬೂದು, ಸಿಲ್ವರ್, ಎಲ್ಲ ಇದೆ. ಸಯಾಮೀಸ್ ಥರ ಮುಖ, ಕಿವಿ, ಕಾಲು ಮಾತ್ರ ಕಪ್ಪಗಿರೋದನ್ನ ಮೇನ್ ಕೂನ್ ಅಂತ ಒಪ್ಪಲ್ಲ.

[ಸ್ಕ್ರೀನ್ ಮೇಲೆ: ಎರಡು ಬೆಕ್ಕುಗಳ ಮುಖ, ಪಕ್ಕದಿಂದ ತೆಗೆದ ಫೋಟೋ]

ತುಂಬಾ ಜನ ಕೇಳ್ತಾರೆ, ಇದಕ್ಕೂ ನಾರ್ವೇಜಿಯನ್ ಫಾರೆಸ್ಟ್ ಕ್ಯಾಟಿಗೂ ಏನ್ ವ್ಯತ್ಯಾಸ ಅಂತ. ಮುಖಾನ ಪಕ್ಕದಿಂದ ನೋಡಿ, ಅಲ್ಲೇ ಗೊತ್ತಾಗುತ್ತೆ. ನಾರ್ವೇಜಿಯನ್ ಬೆಕ್ಕಿಗೆ ಹಣೆಯಿಂದ ಮೂಗಿನ ತುದಿ ತನಕ ಗೆರೆ ಎಳೆದ ಹಾಗೆ ನೇರ ಇರುತ್ತೆ, ಮೇನ್ ಕೂನ್‌ಗೆ ಕಣ್ಣಿನ ಹತ್ರ ಮೆಲ್ಲಗೆ ಒಂದು ಬಾಗು ಬರುತ್ತೆ. ಎದುರಿಂದ ನೋಡಿದ್ರೆ ನಾರ್ವೇಜಿಯನ್ ಮುಖ ತ್ರಿಕೋನ, ಮೇನ್ ಕೂನ್ ಮೂತಿ ಚೌಕ, ಗದ್ದ ಗಟ್ಟಿ, ಪೆಟ್ಟಿಗೆ ಇಟ್ಟ ಹಾಗೆ ಮುಂದೆ ಬಂದಿರುತ್ತೆ. ಸೈಬೀರಿಯನ್ ತಳಿ ಬೆಕ್ಕಾದ್ರೆ ಎಲ್ಲ ಕಡೆಯಿಂದಲೂ ದುಂಡು ದುಂಡಗೆ. ಈ ನಡುವೆ ಕೆಲವು ಬ್ರೀಡರ್‌ಗಳು ಮೂತಿ ಇನ್ನೂ ದೊಡ್ಡದು, ಮುಖ ಇನ್ನೂ ಉಗ್ರ ಅಂತ ಬೆಳೆಸ್ತಾ ಹೋಗ್ತಿದ್ದಾರೆ, ವೈರಲ್ ಆಗೋ ಮುಖಗಳೆಲ್ಲ ಅಂಥವೇ. ನನಗಂತೂ ಹಳೇ ಮುಖದಲ್ಲಿರೋ ಆ ಸೌಮ್ಯ ಭಾವನೇ ಇಷ್ಟ.

1895ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ದೊಡ್ಡ ಕ್ಯಾಟ್ ಶೋ ಆಯ್ತು, ಅದ್ರಲ್ಲಿ ಗೆದ್ದಿದ್ದು ಕೋಸಿ ಅನ್ನೋ ಕಂದು ಟ್ಯಾಬಿ, ಮೇನ್ ಬೆಕ್ಕು. ಅಷ್ಟು ಮೆರೆದ ತಳಿ, ಪರ್ಷಿಯನ್ ಬೆಕ್ಕುಗಳು ಬಂದ ಮೇಲೆ ಯಾರಿಗೂ ಬೇಡವಾಗಿ, 1950ರ ಹೊತ್ತಿಗೆ ಇನ್ನೇನು ಮುಗೀತು ಅನ್ನೋ ಮಾತು ಬಂದುಬಿಟ್ಟಿತ್ತು. ಮೇನ್ ರಾಜ್ಯದ ಜನಾನೇ ಕ್ಲಬ್ ಕಟ್ಕೊಂಡು, ತಮ್ಮ ಬೆಕ್ಕುಗಳಿಗೆ ತಾವೇ ಶೋ ಮಾಡಿ ಉಳಿಸ್ಕೊಂಡ್ರು. 1976ರಲ್ಲಿ ಅಮೆರಿಕದ ಕ್ಯಾಟ್ ಫ್ಯಾನ್ಸಿಯರ್ಸ್ ಅಸೋಸಿಯೇಷನ್ ಅನ್ನೋ ಬೆಕ್ಕಿನ ತಳಿಗಳ ಸಂಸ್ಥೆ ಇದನ್ನ ಚಾಂಪಿಯನ್‌ಶಿಪ್‌ಗೆ ಸೇರಿಸ್ಕೊಂಡಿತು, 1985ರಲ್ಲಿ ಮೇನ್ ಇದನ್ನ ರಾಜ್ಯದ ಅಧಿಕೃತ ಬೆಕ್ಕು ಅಂತ ಘೋಷಿಸ್ತು.

ಈಗ ಸ್ವಭಾವ. ಇದನ್ನ ಹೇಳೋಕೆ ನನಗೆ ಎಷ್ಟು ಟೈಮ್ ಇದ್ರೂ ಸಾಲದು.

ಇಷ್ಟು ದೊಡ್ಡ ಬೆಕ್ಕು, ಬಾಯಿ ತೆಗೆದ್ರೆ ಗರ್ಜನೆ ಬರುತ್ತೆ ಅಂದ್ಕೋತೀರಾ, ಬರೋದು ಮರಿಬೆಕ್ಕಿನ ದನಿ! ಮಿಯಾಂವ್ ಅನ್ನೋದಕ್ಕಿಂತ ಗಂಟಲಲ್ಲೇ "ಬ್ರ್ರ್ರ್" ಅಂತ ಉರುಳಿಸೋದು, ಹಕ್ಕಿ ಥರ ಚಿಲಿಪಿಲಿ ಮಾಡೋದು ಜಾಸ್ತಿ. ನೀವು ರೂಮಿಗೆ ಬಂದ್ರೆ ಒಂದು "ಬ್ರ್ರ್ರ್", ಕಿಟಕಿ ಆಚೆ ಹಕ್ಕಿ ಕಂಡ್ರೆ ಚಿಲಿಪಿಲಿ, ಊಟದ ಬಟ್ಟಲು ಖಾಲಿ ಇದ್ರೆ ಬೇರೆ ರಾಗ. ಜೊತೇಲಿ ಬದುಕೋರಿಗೆ ಒಂದೊಂದು ದನಿಯೂ ಅರ್ಥ ಆಗ್ತಾ ಬರುತ್ತೆ.

ಹಾಗಂತ ಮಡಿಲು ಬಿಟ್ಟು ಇಳಿಯದ ಬೆಕ್ಕೂ ಅಲ್ಲ. ಹೆಚ್ಚಿನವಕ್ಕೆ ನಿಮ್ಮ ಮೇಲೆ ಕೂರೋದಕ್ಕಿಂತ ನಿಮ್ಮ ಪಕ್ಕದಲ್ಲಿ ಇರೋದು ಇಷ್ಟ. ನೀವು ಅಡುಗೆಮನೆಗೆ ಹೋದ್ರೆ ಅಲ್ಲಿ ಬರುತ್ತೆ, ಕೆಲಸಕ್ಕೆ ಕೂತ್ರೆ ಮೇಜಿನ ಪಕ್ಕ ಬಂದು ಬಿದ್ಕೊಳ್ಳುತ್ತೆ, ಬಾತ್‌ರೂಮ್ ಬಾಗಿಲು ಹಾಕಿದ್ರೆ ಕೆಳಗಿನ ಸಂದಿಯಿಂದ ಪಂಜ ಒಳಗೆ ಬರುತ್ತೆ. ಚೆಂಡೋ, ಮುದುರಿದ ಪೇಪರೋ ಎಸೆದ್ರೆ ಕಚ್ಕೊಂಡು ವಾಪಸ್ ತರೋವು ಬೇಕಾದಷ್ಟಿವೆ. ನಾಯಿ ಥರ ಅಂತ ಜನ ಹೇಳೋದು ಇದಕ್ಕೇ, ಆದ್ರೆ ಮನಸ್ಸಿಲ್ಲದಿದ್ರೆ ಎಷ್ಟು ಕರೆದ್ರೂ ಬರಲ್ಲ, ಅಲ್ಲಿ ಪಕ್ಕಾ ಬೆಕ್ಕೇ. ಗಂಡುಗಳಲ್ಲಿ ತುಂಟಾಟ ಜಾಸ್ತಿ, ಹೆಣ್ಣುಗಳಿಗೆ ಸ್ವಲ್ಪ ಗಾಂಭೀರ್ಯ ಅಂತ ಸಾಕಿದವರು ಹೇಳ್ತಾರೆ.

[ಸ್ಕ್ರೀನ್ ಮೇಲೆ: ನೀರಿನ ಬಟ್ಟಲಲ್ಲಿ ಪಂಜ ಅದ್ದುತ್ತಿರೋ ಬೆಕ್ಕು, ಸ್ಲೋ ಮೋಷನ್]

ನೀರಿನ ಜೊತೆ ಇವುಗಳ ಆಟ ನೋಡ್ಬೇಕು. ಬಟ್ಟಲ ಮುಂದೆ ಕೂತು ಮೊದಲು ಒಂದು ಪಂಜ ನೀರಿನ ಮೇಲೆ ಸವರುತ್ತೆ, ಅಲೆ ಏಳೋದನ್ನ ತಲೆ ವಾಲಿಸಿ ನೋಡುತ್ತೆ, ಆಮೇಲೆ ಪಂಜ ಅದ್ದಿ ತೆಗೆದು, ಬೆರಳ ಸಂದಿಯ ಕೂದಲಿಂದ ತೊಟ್ಟಿಕ್ಕೋ ನೀರನ್ನ ನೆಕ್ಕುತ್ತೆ. ಅಷ್ಟೊತ್ತಿಗೆ ಅರ್ಧ ಬಟ್ಟಲು ನೆಲದ ಮೇಲಿರುತ್ತೆ. ಭಾರದ, ಅಗಲದ ಬಟ್ಟಲು ಇಡಿ.

ಇನ್ನು ಆರೋಗ್ಯ, ದಯವಿಟ್ಟು ಈ ಭಾಗ ಸ್ಕಿಪ್ ಮಾಡ್ಬೇಡಿ. ಈ ತಳಿಗೆ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಅನ್ನೋ ಹೃದಯದ ಕಾಯಿಲೆ ಬರೋ ಸಾಧ್ಯತೆ ಇದೆ, ಹೃದಯದ ಗೋಡೆ ದಪ್ಪ ಆಗ್ತಾ ಹೋಗಿ ಒಳಗೆ ರಕ್ತ ತುಂಬೋ ಜಾಗ ಕಮ್ಮಿ ಆಗುತ್ತೆ. ಎಷ್ಟೋ ಸಲ ಹೊರಗಿಂದ ಏನೂ ಗೊತ್ತಾಗಲ್ಲ, ಆಡ್ಕೊಂಡಿದ್ದ ಬೆಕ್ಕು ಇದ್ದಕ್ಕಿದ್ದ ಹಾಗೆ ಹೋಗಿಬಿಡಬಹುದು. ಇದಕ್ಕೆ ಸಂಬಂಧಪಟ್ಟ ಒಂದು ಜೀನ್ ದೋಷವನ್ನ 2005ರಲ್ಲಿ ಮೇನ್ ಕೂನ್‌ಗಳಲ್ಲೇ ಪತ್ತೆ ಮಾಡಿದ್ರು, ಈ ತಳಿಯ ಸುಮಾರು ಮೂರರಲ್ಲೊಂದು ಬೆಕ್ಕಲ್ಲಿ ಅದರ ಒಂದು ಪ್ರತಿಯಾದ್ರೂ ಇರುತ್ತೆ. ತಂದೆ ತಾಯಿ ಎರಡೂ ಕಡೆಯಿಂದ ಬಂದ್ರೆ ಅಪಾಯ ಜಾಸ್ತಿ. ಟೆಸ್ಟ್ ಇದೆ, ಆದ್ರೆ ಟೆಸ್ಟಲ್ಲಿ ಕ್ಲಿಯರ್ ಬಂದ್ರೂ ಕಾಯಿಲೆ ಬರಲ್ಲ ಅಂತ ಗ್ಯಾರಂಟಿ ಇಲ್ಲ, ಅದಕ್ಕೇ ಮರಿ ಮಾಡಿಸೋ ಬೆಕ್ಕುಗಳ ಹೃದಯಕ್ಕೆ ಆಗಾಗ ಎಕೋ ಸ್ಕ್ಯಾನ್ ಮಾಡಿಸ್ಲೇಬೇಕು. ಸೊಂಟದ ಕೀಲಿನ ತೊಂದರೆ ಬೆಕ್ಕುಗಳಲ್ಲಿ ಅಪರೂಪ, ಇವುಗಳಲ್ಲಿ ಅಷ್ಟು ಅಪರೂಪ ಅಲ್ಲ, ಭಾರ ಜಾಸ್ತಿ ಆದಷ್ಟೂ ಆ ಕೀಲುಗಳಿಗೇ ಪೆಟ್ಟು. ಇಪ್ಪತ್ತು ಕೆಜಿ ಅಂತ ಹೊಗಳೋರ ಮೇಲೆ ನನಗೆ ಸಿಟ್ಟು ಬರೋದು ಇದಕ್ಕೇ, ಅಷ್ಟು ತೂಕ ಇದ್ರೆ ಅದು ಬೊಜ್ಜು, ಆ ಬೆಕ್ಕಿಗೆ ನೋವಿರುತ್ತೆ.

ಬೆಳವಣಿಗೆ ಕೂಡ ನಿಧಾನ. ಬೇರೆ ಬೆಕ್ಕುಗಳು ಒಂದು ವರ್ಷಕ್ಕೆಲ್ಲ ಪೂರ್ತಿ ಬೆಳೆದ್ರೆ ಇವಕ್ಕೆ ಮೂರರಿಂದ ಐದು ವರ್ಷ ಬೇಕು. ಹತ್ತು ತಿಂಗಳ ಮರಿ ಕಾಲು ಉದ್ದ, ಮೈ ಸಣಕಲು, ಕಿವಿ ಮಾತ್ರ ದೊಡ್ಡದು, ಹೀಗೇ ಕಾಣೋದು. ಯಾಕೆ ದಪ್ಪ ಆಗ್ತಿಲ್ಲ ಅಂತ ತುರುಕಿ ತುರುಕಿ ತಿನ್ನಿಸಬೇಡಿ. ವಾರಕ್ಕೆ ಎರಡು ಮೂರು ಸಲ ಸ್ಟೀಲ್ ಬಾಚಣಿಗೆಯಿಂದ ಬಾಚಿ, ಬೆನ್ನು ಸುಲಭ, ಗಂಟು ಕಟ್ಟೋದು ಕಂಕುಳು, ಹೊಟ್ಟೆ, ಹಿಂದೊಡೆ ಹತ್ರ. ಲಿಟರ್ ಬಾಕ್ಸ್, ಅಂದ್ರೆ ಬೆಕ್ಕಿನ ಟಾಯ್ಲೆಟ್ ಡಬ್ಬ, ದೊಡ್ಡದೇ ಬೇಕು, ಅಂಗಡೀಲಿ ಸಿಗೋ ಮಾಮೂಲಿ ಸೈಜಲ್ಲಿ ಇದು ತಿರುಗೋಕೂ ಆಗಲ್ಲ. ಉಗುರು ಪರಚೋ ಕಂಬ ಇದು ಎದ್ದು ನಿಂತು ಮೈ ಚಾಚಿದ್ರೂ ಅಲ್ಲಾಡಬಾರ್ದು. ಸೆಖೆ ಇರೋ ಜಾಗದಲ್ಲಿ ಸಾಕೋದಾದ್ರೆ ಫ್ಯಾನು, ತಣ್ಣನೆ ನೆಲ, ಎಲ್ಲದಕ್ಕೂ ವ್ಯವಸ್ಥೆ ಇರ್ಲಿ, ಇದು ಹಿಮದ ಬೆಕ್ಕು.

ಮರಿ ತಗೋಳೋದಾದ್ರೆ ಮೊದಲು ತಾಯಿ ಬೆಕ್ಕನ್ನ ನೋಡ್ತೀನಿ ಅನ್ನಿ, ಹೇಗೆ ಉಸಿರಾಡ್ತಿದೆ, ಹೇಗೆ ನಡೀತಿದೆ, ಜನರ ಹತ್ರ ಧೈರ್ಯವಾಗಿ ಬರುತ್ತಾ ಅಂತ ಗಮನಿಸಿ. ತಂದೆ ತಾಯಿ ಎರಡರದ್ದೂ ಜೀನ್ ಟೆಸ್ಟ್ ಮತ್ತು ಎಕೋ ರಿಪೋರ್ಟ್ ಕೇಳಿ, ಮೇಲಿರೋ ತಾರೀಕು ಓದಿ. ತಂದೆ ಬೆಕ್ಕು ಎಷ್ಟು ಕೆಜಿ ಅಂತ ಮಾತ್ರ ಹೇಳ್ತಾ, ರಿಪೋರ್ಟ್ ಕೇಳಿದ ತಕ್ಷಣ ಮಾತು ಮರೆಸಿದ್ರೆ, ಮರಿ ಎಷ್ಟೇ ಮುದ್ದಾಗಿದ್ರೂ ಎದ್ದು ಬಂದುಬಿಡಿ.